ಶಟರ್ ಒತ್ತದಿರುವುದನ್ನು ಕಲಿಸುವ ಮೇಷ್ಟ್ರು

ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ, ಬಂಡೆ ಒಡೆಯುವ ಸಿಡಿಮದ್ದನ್ನು ಕಾಡಿನೊಳಗಿನ ಒಂದು ಕಟ್ಟಡದಲ್ಲಿ ದಾಸ್ತಾನು ಮಾಡುತ್ತಿದ್ದರು. ಅಣೆಕಟ್ಟಿನ ಕೆಲಸ ಮುಗಿದು ಮದ್ದಿನ ಮನೆ ಖಾಲಿಯಾಯಿತು. ಇವತ್ತು ಅದು ಜಂಗಲ್ ಲಾಡ್ಜಸ್ ಸಂಸ್ಥೆಯ ‘ಓಲ್ಡ್ ಮ್ಯಾಗಜೀನ್ ಹೌಸ್’. ಜೊಯಿಡಾ ತಾಲ್ಲೂಕಿನ ಹೆಸರು ಕೇಳದವರಿಗೂ, ಹಕ್ಕಿಯ ಫೋಟೊ ತೆಗೆಯುವ ಹುಚ್ಚಿದ್ದರೆ ಈ ವಿಳಾಸ ಗೊತ್ತಿರುತ್ತದೆ. ಹಕ್ಕಿಗಳು ಮೀಯಲೆಂದು ಇಟ್ಟ ನೀರಿನ ತೊಟ್ಟಿಗಳು, ಅವುಗಳೆದುರು ಸಾಲುಗಟ್ಟಿದ ಟ್ರೈಪಾಡುಗಳು, ತೋಳುದ್ದದ ಲೆನ್ಸುಗಳು. ಕೆಂಪು ಕೊರಳಿನ ಪಿಕಳಾರ, ಶ್ಯಾಮ, ಪಚ್ಚೆ ಪಾರಿವಾಳ ಒಂದೊಂದಾಗಿ ಇಳಿದು ರೆಕ್ಕೆ ಒದ್ದೆ ಮಾಡಿಕೊಂಡು ಹೋಗುತ್ತವೆ.

ಇಂಥ ಕಡೆ ವಾರಾಂತ್ಯಕ್ಕೆ ತಂಡ ಬಂದರೆ ಹಲವು ಸಲ ಜೊತೆಗೆ ಒಬ್ಬ ಮೇಷ್ಟ್ರೂ ಇರುತ್ತಾರೆ. ತರಗತಿಯ ಮೇಷ್ಟ್ರಲ್ಲ. ಛಾಯಾಚಿತ್ರವನ್ನು ಕಲೆಯೆಂದು ನಂಬಿ ಬದುಕು ಕಟ್ಟಿಕೊಂಡವರು, ಕಲಿಸುವುದರಿಂದಲೇ ಮನೆ ನಡೆಸುವವರು. ನಮ್ಮಲ್ಲಿ ಈ ವೃತ್ತಿಯ ಬಗ್ಗೆ ಬರೆದವರು ಕಡಿಮೆ. ಮದುವೆ ಫೋಟೊಗ್ರಾಫರ್ ಎಲ್ಲರಿಗೂ ಗೊತ್ತು, ಪತ್ರಿಕಾ ಛಾಯಾಗ್ರಾಹಕರನ್ನೂ ಬಲ್ಲೆವು. ಯಾರೂ ಕೇಳದ ಚಿತ್ರವನ್ನು ತಾನಾಗಿಯೇ ತೆಗೆದು, ಅದನ್ನು ಕಾಗದದ ಮೇಲಿಳಿಸಿ, ಚೌಕಟ್ಟು ಹಾಕಿ ಪ್ರದರ್ಶನಕ್ಕಿಡುವವರು ಹೇಗೆ ಬದುಕುತ್ತಾರೆ?

ಚಿತ್ರ ಮಾರಿ ಬದುಕುವುದು ನಮ್ಮ ಕಡೆ ಕಷ್ಟ. ಗೋಡೆಗೆ ತೈಲಚಿತ್ರ ಕೊಳ್ಳುವವರೇ ಎಣಿಕೆಯವರು. ಫೋಟೊ ಎಂದರೆ ‘ಮೊಬೈಲಿನಲ್ಲೇ ಬರುತ್ತದಲ್ಲ’ ಎನ್ನುವ ಕಾಲ. ಬೆಂಗಳೂರಿನ ಚಿತ್ರಸಂತೆಯಲ್ಲೋ ಯಾವುದಾದರೂ ಗ್ಯಾಲರಿಯಲ್ಲೋ ನಾಲ್ಕು ಪ್ರಿಂಟ್ ಹೋದರೆ ಅದು ಹಬ್ಬ. ಹತ್ತಿ ನಾರಿನ ಕಾಗದ, ವರ್ಣದ್ರವ್ಯದ ಶಾಯಿ, ಗಾಜು, ಚೌಕಟ್ಟು, ಸಾಗಾಣಿಕೆ ಎಲ್ಲ ಕಳೆದರೆ ಕೈಗೆ ಉಳಿಯುವುದು ಅಲ್ಪ. ಹಾಗಾಗಿ ಬಹುಪಾಲು ಕಲಾ ಛಾಯಾಗ್ರಾಹಕರಿಗೆ ಇನ್ನೊಂದು ಅನ್ನದ ದಾರಿ ಇರುತ್ತದೆ: ಬ್ಯಾಂಕಿನ ಕೆಲಸ, ಸ್ಟುಡಿಯೊ, ತೋಟ. ಅದ್ಯಾವುದೂ ಇಲ್ಲದವರಿಗೆ ಶಿಬಿರ, ಕಾರ್ಯಾಗಾರ.

ಇದು ಇಂದಿನ ಕಥೆಯೂ ಅಲ್ಲ. ಕರ್ನಾಟಕದಲ್ಲಿ ಛಾಯಾಚಿತ್ರ ಕಲೆ ಬೆಳೆದದ್ದೇ ಹವ್ಯಾಸಿಗಳ ಸಂಘಗಳಲ್ಲಿ, ಒಬ್ಬರಿಂದೊಬ್ಬರಿಗೆ ಕಲಿಸುತ್ತ. ಬೆಂಗಳೂರಿನ ಡಾ. ಜಿ. ಥಾಮಸ್ ಈ ಕಥೆಯ ಮೊದಲ ದೊಡ್ಡ ಹೆಸರು. ಊರೂರಿನ ಕ್ಯಾಮೆರಾ ಕ್ಲಬ್ಬುಗಳನ್ನು ಒಂದುಗೂಡಿಸಿ 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ ಹುಟ್ಟುವುದಕ್ಕೆ ಅವರೇ ಕಾರಣರು. ಒಕ್ಕೂಟದ ಪತ್ರಿಕೆ ‘ವ್ಯೂಫೈಂಡರ್’ ಮೂಲಕ ದೇಶದ ಮೂಲೆಯ ಹವ್ಯಾಸಿಗೂ ಸಲೂನ್ ಎಂದರೇನು, ಚಿತ್ರವನ್ನು ಹೇಗೆ ಕಳಿಸಬೇಕು ಎಂಬುದು ತಿಳಿಯಿತು. ಸಲೂನ್ ಎಂದರೆ ಇಲ್ಲಿ ಕ್ಷೌರದಂಗಡಿಯಲ್ಲ, ತೀರ್ಪುಗಾರರು ಆರಿಸಿದ ಚಿತ್ರಗಳ ಸ್ಪರ್ಧಾ ಪ್ರದರ್ಶನ. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಫಿಕ್ ಸೊಸೈಟಿ ಶುರುವಾಯಿತು. ಆಮೇಲೆ ಹಲವು ತಲೆಮಾರಿನ ಹುಡುಗರಿಗೆ ಅದೇ ಪಾಠಶಾಲೆ.

ಈ ಪರಂಪರೆಯಲ್ಲಿ ಮೇಷ್ಟ್ರು ಎಂಬ ಮಾತಿಗೆ ಪೂರ್ತಿ ಒಪ್ಪುವವರು ಟಿ.ಎನ್.ಎ. ಪೆರುಮಾಳ್. 1932ರಲ್ಲಿ ಹುಟ್ಟಿ, 2017ರ ಫೆಬ್ರವರಿಯಲ್ಲಿ ತೀರಿಕೊಂಡ ಪೆರುಮಾಳ್ ಅವರಿಗೆ ದಾರಿ ತೋರಿದವರು ಒ.ಸಿ. ಎಡ್ವರ್ಡ್ಸ್ ಎಂಬ ಹಿರಿಯರು. ವನ್ಯಜೀವಿ ಛಾಯಾಗ್ರಹಣದ ಇನ್ನೊಬ್ಬ ದಿಗ್ಗಜ ಇ. ಹನುಮಂತರಾವ್ ಕೂಡ ಅದೇ ಬಳಗದವರು. ಪೆರುಮಾಳ್ ಅವರು ರಾಯಲ್ ಫೋಟೊಗ್ರಫಿಕ್ ಸೊಸೈಟಿಯ ಫೆಲೊ ಆದರು, ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟದಿಂದ ಮಾಸ್ಟರ್ ಪದವಿ ಪಡೆದರು. ಹಾರುವ ಹಕ್ಕಿಯನ್ನೂ ಇರುಳು ಸಂಚರಿಸುವ ಪ್ರಾಣಿಯನ್ನೂ ಫ್ಲ್ಯಾಶ್ ಬೆಳಕಿನಲ್ಲಿ ಹಿಡಿಯುವುದರಲ್ಲಿ ಅವರದು ಪಳಗಿದ ಕೈ. ಆದರೆ ಬೆಂಗಳೂರಿನ ಛಾಯಾಗ್ರಾಹಕರನ್ನು ಕೇಳಿದರೆ ಮೊದಲು ಹೇಳುವುದು ಪ್ರಶಸ್ತಿಗಳ ಮಾತಲ್ಲ, ‘ನನ್ನ ಚಿತ್ರ ನೋಡಿ ತಿದ್ದಿದವರು’ ಎಂಬ ಮಾತು.

ಅವರ ಜೊತೆಗೇ ನೆನೆಯಬೇಕಾದವರು ಸಂಡೂರಿನ ಎಂ.ವೈ. ಘೋರ್ಪಡೆ. 1972ರಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಬಿಡುವಾದಾಗ ಕಾಡಿಗೆ ಹೋಗಿ ಕಪ್ಪು-ಬಿಳುಪಿನಲ್ಲಿ ಆನೆ ಜಿಂಕೆಗಳನ್ನು ಚಿತ್ರಿಸಿದವರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಕಾಡನ್ನು ಬೆಳಕು-ನೆರಳಿನ ಲೆಕ್ಕದಲ್ಲಿ ಓದಲು ಕಲಿಯಬೇಕೆಂದಿದ್ದರೆ ಆ ಪುಸ್ತಕವನ್ನು ಒಮ್ಮೆ ತಿರುವಿಹಾಕಲೇಬೇಕು.

ಇನ್ನು ಜೊಯಿಡಾದ ಕಾಡಿಗೆ ಬರೋಣ. ಇಲ್ಲಿ ಮೇಷ್ಟ್ರ ಮೊದಲ ಪಾಠವೇ ಬೆಳಕಿನದು, ಏಕೆಂದರೆ ಇಲ್ಲಿ ಬೆಳಕೇ ಇರುವುದಿಲ್ಲ. ನಿತ್ಯಹರಿದ್ವರ್ಣ ಕಾಡಿನಲ್ಲಿ ಮರದ ನೆತ್ತಿಗೆ ಬೀಳುವ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಕ್ಯಾಮೆರಾದ ಭಾಷೆಯಲ್ಲಿ ಇದನ್ನು ಲೆಕ್ಕ ಹಾಕಬಹುದು. ಬಯಲಿನ ಮಟಮಟ ಮಧ್ಯಾಹ್ನದಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 16 ಇಟ್ಟರೆ ಶಟರ್ ವೇಗ ಸೆಕೆಂಡಿನ ನೂರನೆಯ ಒಂದು ಭಾಗ; ಹಳಬರಿಗೆ ಇದು ಬಾಯಿಪಾಠ. ಕಾಡಿನ ನೆಲಕ್ಕೆ ಬಂದರೆ ಬೆಳಕು ಆರು ಸ್ಟಾಪ್ ಇಳಿದಿರುತ್ತದೆ, ಅಂದರೆ ಆರು ಸಲ ಅರ್ಧ ಮಾಡಿದಷ್ಟು. ಲೆನ್ಸನ್ನು ಎಫ್ 4ಕ್ಕೆ ತೆರೆದರೆ ನಾಲ್ಕು ಸ್ಟಾಪ್ ವಾಪಸು ಬಂತು. ಉಳಿದ ಎರಡಕ್ಕೆ ಶಟರ್ ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯಬೇಕು. ಅಷ್ಟು ನಿಧಾನಕ್ಕೆ ಕುಣಿಯುವ ಹಕ್ಕಿ ನಿಲ್ಲುತ್ತದೆಯೇ? ನಾನೂರನೆಯ ಒಂದು ಭಾಗವಾದರೂ ಬೇಕು. ಅದಕ್ಕೆ ಐಎಸ್‌ಒವನ್ನು 1600ಕ್ಕೆ ಏರಿಸಬೇಕು, ಏರಿಸಿದರೆ ಚಿತ್ರದಲ್ಲಿ ಕಾಳು ಏಳುತ್ತದೆ. ಯಾವುದನ್ನು ಕೊಟ್ಟು ಯಾವುದನ್ನು ಪಡೆಯುತ್ತೀರಿ ಎಂದು ಪ್ರತಿ ಸಲವೂ ತೀರ್ಮಾನಿಸಬೇಕು. ಈ ಲೆಕ್ಕ ತಲೆಯಲ್ಲಿ ಕೂತವರು ಕ್ಯಾಮೆರಾದ ಗುಂಡಿಗಳನ್ನು ನೋಡುವುದನ್ನು ಬಿಟ್ಟು ಹಕ್ಕಿಯನ್ನು ನೋಡಲು ಶುರುಮಾಡುತ್ತಾರೆ.

ಎರಡನೆಯ ಪಾಠ ಕಪ್ಪಿನದು. ಈ ಕಾಡನ್ನೊಳಗೊಂಡ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಕಪ್ಪು ಚಿರತೆಗೆ ಹೆಸರಾದದ್ದು. ಇಲ್ಲಿಯ ಇನ್ನೊಂದು ಆಕರ್ಷಣೆ ಮಂಗಟ್ಟೆ, ಅದೂ ಕಪ್ಪು ಮೈಯ ಹಕ್ಕಿ. ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ನಡುಬೂದು ಎಂಬ ನಂಬಿಕೆ. ಕಪ್ಪನ್ನು ಕಂಡರೆ ಬೆಳಕು ಸಾಲದು ಎಂದುಕೊಂಡು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಚಿರತೆ ಬೂದು ಬಣ್ಣಕ್ಕೆ ತಿರುಗುತ್ತದೆ, ಮಂಗಟ್ಟೆಯ ಹಳದಿ ಕೊಕ್ಕು ಸುಟ್ಟು ಬೆಳ್ಳಗಾಗುತ್ತದೆ. ಮೀಟರ್ ಹೇಳಿದ್ದಕ್ಕಿಂತ ಕಡಿಮೆ ಕೊಡಬೇಕು ಎನ್ನುವುದು ಇಲ್ಲಿ ಒಂದೇ ಮುಂಜಾನೆಯಲ್ಲಿ ಅರ್ಥವಾಗುತ್ತದೆ. ದಾಂಡೇಲಿಯ ಮರದ ಡಿಪೊಕ್ಕೆ ಬೆಳಗ್ಗೆ ಬೇಗ ಹೋದರೆ ನಾಟಾ ರಾಶಿಗಳ ಮೇಲೆ, ಸುತ್ತಲಿನ ಮರಗಳಲ್ಲಿ ಮಲಬಾರ್ ಮಂಗಟ್ಟೆಗಳು ಕಾಣುತ್ತವೆ. ಈ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಮೂರನೆಯದೇ ದೊಡ್ಡ ಪಾಠ, ಮೇಷ್ಟ್ರಿಗೆ ಅತ್ಯಂತ ಕಷ್ಟದ್ದೂ ಹೌದು. ಶಟರ್ ಒತ್ತದೆ ಇರುವುದು. ಮಂಗಟ್ಟೆಯ ಸಂಸಾರವನ್ನು ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ತಿಂಗಳುಗಟ್ಟಲೆ ಅದರ ಊಟ, ಮೊಟ್ಟೆಯೊಡೆದ ಮೇಲೆ ಮರಿಗಳ ಊಟ ಎಲ್ಲ ಗಂಡು ತರುವ ಆಹಾರದ ಮೇಲೆ. ಗಂಡು ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ದೂರದ ಮರದಲ್ಲಿ ಕೂತು ಸುತ್ತ ನೋಡುತ್ತದೆ. ಕೆಳಗೆ ಜನ ಕಂಡರೆ, ಲೆನ್ಸು ಅಲುಗಿದರೆ, ಅದು ಗೂಡಿಗೆ ಬರುವುದಿಲ್ಲ. ಹೀಗೆ ದಿನಕ್ಕೆ ನಾಲ್ಕು ತಂಡ ಬಂದು ನಿಂತರೆ ಒಳಗಿರುವವರ ಗತಿಯೇನು? ಗಂಡು ಕೊಕ್ಕಿನಿಂದ ಸೀಳಿನೊಳಗೆ ಹಣ್ಣು ಕೊಡುವ ಚಿತ್ರ ಎಷ್ಟೇ ಚೆಂದವಿರಲಿ, ಅದಕ್ಕೆ ತೆತ್ತ ಬೆಲೆ ಚಿತ್ರದಲ್ಲಿ ಕಾಣುವುದಿಲ್ಲ.

ಹಿಂದಿನ ತಲೆಮಾರಿನಲ್ಲಿ ಗೂಡಿನ ಛಾಯಾಗ್ರಹಣ ಸಾಮಾನ್ಯವಾಗಿತ್ತು. ಲೆನ್ಸುಗಳು ಗಿಡ್ಡ, ಫಿಲ್ಮು ನಿಧಾನ, ಹಕ್ಕಿ ಖಂಡಿತ ಮರಳಿ ಬರುವ ಜಾಗವೆಂದರೆ ಗೂಡೊಂದೇ. ಮರೆಯ ಗುಡಾರ ಹಾಕಿ, ದಿನದಿನಕ್ಕೂ ಸ್ವಲ್ಪಸ್ವಲ್ಪ ಹತ್ತಿರ ಸರಿಸಿ, ಹಕ್ಕಿ ಒಪ್ಪಿಕೊಂಡ ಮೇಲೆ ಒಳಗೆ ಕೂರುತ್ತಿದ್ದರು. ಅವರ ತಾಳ್ಮೆಯನ್ನು ಗೌರವಿಸೋಣ. ಆದರೆ ಅಂದು ಕಾಡಿಗೆ ಕ್ಯಾಮೆರಾ ಹಿಡಿದು ಹೋಗುವವರು ಬೆರಳೆಣಿಕೆಯವರು, ಇಂದು ಪ್ರತಿ ಶನಿವಾರ ವಾಹನಗಟ್ಟಲೆ. ಹಾಗಾಗಿಯೇ ದೇಶದ ಹಲವು ಸಲೂನ್‌ಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ. ಜಗತ್ತಿನ ದೊಡ್ಡ ಛಾಯಾಗ್ರಹಣ ಸಂಸ್ಥೆಗಳು ಕೂಡಿ ಒಪ್ಪಿಕೊಂಡ ನಿಸರ್ಗ ಚಿತ್ರದ ವ್ಯಾಖ್ಯೆಯಲ್ಲಿ ಕಥೆಗೆ ಅಂದಕ್ಕಿಂತ ಹೆಚ್ಚು ತೂಕ. ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಏನನ್ನೂ ಅಳಿಸುವಂತಿಲ್ಲ. ಕಾನೂನಿನ ಮಾತೂ ಇದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅನುಮತಿ ಕೊಡುವಾಗ ನೆಲೆಯನ್ನು ಬದಲಿಸಬಾರದು, ಪ್ರಾಣಿಗಳಿಗೆ ತೊಂದರೆ ಮಾಡಬಾರದು ಎಂಬ ಷರತ್ತನ್ನು ಬರೆದೇ ಇಟ್ಟಿದೆ. ಆದರೆ ಕಾಡಿನ ಮರೆಯಲ್ಲಿ ಕಾನೂನು ಕಾಯುವವರು ಯಾರು? ತಂಡದ ಮುಂದೆ ನಿಂತ ಮೇಷ್ಟ್ರೇ. ದುಡ್ಡು ಕೊಟ್ಟು ಬಂದ ಶಿಷ್ಯರು ‘ಸಾರ್, ಇನ್ನೊಂದು ಹತ್ತು ಹೆಜ್ಜೆ’ ಎಂದಾಗ ‘ಬೇಡ, ವಾಪಸು ಹೋಗೋಣ’ ಎನ್ನುವ ಎದೆಗಾರಿಕೆ ಇರುವವರನ್ನು ಮಾತ್ರ ನಾನು ಮೇಷ್ಟ್ರು ಎಂದು ಕರೆಯುತ್ತೇನೆ.

ನೀರಿನ ತೊಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರಿಂದ ಹಕ್ಕಿಗೆ ದೊಡ್ಡ ತೊಂದರೆಯಿಲ್ಲ, ಗೂಡಿನ ಕಡೆ ನುಗ್ಗುವ ಜನರನ್ನು ಅದು ಒಂದು ಕಡೆ ಕೂರಿಸುತ್ತದೆ, ಹೊಸಬರಿಗೆ ಕೈ ಕೂರುತ್ತದೆ. ಅಷ್ಟು ಒಳ್ಳೆಯದೇ. ಆದರೆ ಅಲ್ಲಿಂದ ಹೊರಬರುವ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಅದೇ ಪಾಚಿ ಕಟ್ಟಿದ ಕೊಂಬೆ, ಅದೇ ಮಸುಕು ಹಸಿರು ಹಿನ್ನೆಲೆ, ನಡುವೆ ಚೊಕ್ಕಟವಾದ ಹಕ್ಕಿ. ಹೆಸರು ತೆಗೆದರೆ ಯಾರು ತೆಗೆದದ್ದು ಎಂದು ಗೊತ್ತಾಗುವುದಿಲ್ಲ, ಎಲ್ಲಿ ತೆಗೆದದ್ದು ಎಂದೂ ಗೊತ್ತಾಗುವುದಿಲ್ಲ. ಜೊಯಿಡಾದ ಚಿತ್ರದಲ್ಲಿ ಜೊಯಿಡಾವೇ ಇಲ್ಲ. ಸಲೂನ್ ತೀರ್ಪುಗಾರರ ಮುಂದೆ ಒಂದು ಚಿತ್ರ ಉಳಿಯುವುದು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಕಣ್ಣಿಗೆ ಹೊಡೆಯುವ ಚಿತ್ರ ಗೆಲ್ಲುತ್ತದೆ; ಹತ್ತು ನಿಮಿಷ ನೋಡಿದರೆ ಮಾತ್ರ ತೆರೆದುಕೊಳ್ಳುವ ಚಿತ್ರ ಸೋಲುತ್ತದೆ. ಶಿಷ್ಯನ ಹೆಸರಿನ ಮುಂದೆ ಪದವಿಯ ಅಕ್ಷರ ಕೂರಿಸುವುದಷ್ಟೇ ಗುರುವಿನ ಕೆಲಸವಾದರೆ ಈ ಏಕತಾನ ಮುರಿಯುವುದಿಲ್ಲ.

ಇದಕ್ಕೆ ಪರಿಹಾರ ಒಂದು ಹಳೆಯ ಪದ್ಧತಿಯಲ್ಲೇ ಇದೆ. ರಾಯಲ್ ಫೋಟೊಗ್ರಫಿಕ್ ಸೊಸೈಟಿಯ ಅಸೋಸಿಯೇಟ್ ಪದವಿಗೆ ಹದಿನೈದು ಚಿತ್ರಗಳ ಒಂದು ಸಾಲು ಕೊಡಬೇಕು, ಜೊತೆಗೆ ಏನು ಹೇಳಹೊರಟಿದ್ದೇನೆ ಎಂಬ ಒಂದು ಟಿಪ್ಪಣಿ. ಹದಿನೈದೂ ಬಿಡಿಬಿಡಿಯಾಗಿ ಚೆಂದವಿದ್ದರೆ ಸಾಲದು, ಒಂದರ ಪಕ್ಕ ಒಂದು ಕೂತಾಗ ಒಂದೇ ಮಾತು ಆಡಬೇಕು. ಈ ಕ್ರಮದಲ್ಲಿ ಕಲಿಸುವ ಮೇಷ್ಟ್ರ ಬಳಿ ಪಾಠ ಮೇಜಿನ ಮೇಲೆ ನಡೆಯುತ್ತದೆ. ಚಿಕ್ಕ ಪ್ರಿಂಟುಗಳನ್ನು ಹರಡಿ, ಅತ್ತಿತ್ತ ಸರಿಸಿ, ಶಿಷ್ಯನಿಗೆ ಅತ್ಯಂತ ಇಷ್ಟವಾದದ್ದನ್ನೇ ಮೊದಲು ಹೊರಗಿಡಿಸುತ್ತಾರೆ. ಆ ಚಿತ್ರಕ್ಕಾಗಿ ಪಟ್ಟ ಕಷ್ಟ ನೆನಪಿರುವುದರಿಂದ ಅದು ಚೆಂದ ಕಾಣುತ್ತಿದೆ, ಕಷ್ಟ ಗೊತ್ತಿಲ್ಲದ ನೋಡುಗನಿಗೆ ಅದರಲ್ಲಿ ಏನೂ ಇಲ್ಲ. ಇದನ್ನು ನೋಯಿಸದೆ ಹೇಳುವುದು ಒಂದು ವಿದ್ಯೆ. ಕಾಳಿ ನದಿಯೊಂದನ್ನೇ ತೆಗೆದುಕೊಂಡರೂ ಹದಿನೈದು ಚಿತ್ರ ಸಿಗುತ್ತದೆ: ಡಿಗ್ಗಿಯ ಸೀಮೆಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಅಣೆಕಟ್ಟುಗಳಲ್ಲಿ ತಂಗಿ, ದಾಂಡೇಲಿಯ ಕಾಗದದ ಕಾರ್ಖಾನೆಯ ಪಕ್ಕ ಹಾದು ಕಾರವಾರದಲ್ಲಿ ಕಡಲು ಸೇರುವ ನದಿ ಅದು.

ಮಳೆಗಾಲದಲ್ಲಿ ಈ ವೃತ್ತಿ ಬೇರೆಯೇ ಆಗುತ್ತದೆ. ಶಿಬಿರಗಳು ನಿಲ್ಲುತ್ತವೆ, ವರಮಾನ ನಿಲ್ಲುತ್ತದೆ. ತೇವಕ್ಕೆ ಲೆನ್ಸಿನ ಒಳಗೆ ಬೂಷ್ಟು ಹಿಡಿದು ಜೇಡನ ಬಲೆಯಂಥ ಎಳೆಗಳು ಹಬ್ಬುತ್ತವೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಅದರ ಬಣ್ಣ ಬದಲಾದಾಗ ಮತ್ತೆ ಬಿಸಿಮಾಡಿ ಒಣಗಿಸುವುದು, ಇವೆಲ್ಲ ದಿನಚರಿ. ಚಿತ್ರಗಳನ್ನು ಆರಿಸಿ, ಹೆಸರಿಟ್ಟು, ಎರಡು ಕಡೆ ಪ್ರತಿ ಮಾಡಿಡುವ ಕೆಲಸವೂ ಆಗಲೇ. ಹೊರಗಿನವರಿಗೆ ಕಾಣದ ಈ ತಿಂಗಳುಗಳಲ್ಲೇ ಕಲಾವಿದನ ನಿಜವಾದ ಕೆಲಸ ನಡೆಯುತ್ತದೆಂದು ನನ್ನ ಅಭಿಪ್ರಾಯ.

ಜೊಯಿಡಾ ಎಂದರೆ ಹಕ್ಕಿ ಚಿರತೆ ಮಾತ್ರವಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಕಾಡುದಾರಿಯ ಕೆಮ್ಮಣ್ಣು, ಎತ್ತಿನ ಕೊಂಬಿನ ರಿಬ್ಬನ್, ಇಳಿಬಿಸಿಲಿನಲ್ಲಿ ಎದ್ದ ಧೂಳು. ಥಾಮಸರ ಕಾಲದ, ಫೋಟೊದಲ್ಲಿ ವರ್ಣಚಿತ್ರದ ಅಂದ ಬಯಸುತ್ತಿದ್ದ ಪಿಕ್ಟೋರಿಯಲ್ ಛಾಯಾಗ್ರಾಹಕರು ಹುಡುಕಿಕೊಂಡು ಹೋಗುತ್ತಿದ್ದ ಬೆಳಕು ಅದೇ. ಚಳಿಗಾಲದಲ್ಲಿ ಜೊಯಿಡಾದಲ್ಲಿ ಗಡ್ಡೆ-ಗೆಣಸು ಮೇಳ. ಕುಣಬಿ ಹೆಂಗಸರು ತಾವೇ ಬೆಳೆದ ಮುಡ್ಲಿ ಗಡ್ಡೆಗಳನ್ನು ಎದುರಿಗಿಟ್ಟು ಕೂರುತ್ತಾರೆ. ಹಳಿಯಾಳ-ಯಲ್ಲಾಪುರದ ಕಡೆ ಸಿದ್ದಿಗಳು, ಗೌಳಿವಾಡೆಗಳಲ್ಲಿ ಎಮ್ಮೆ ಸಾಕುವವರು, ಮುಂಡಗೋಡದಲ್ಲಿ ಟಿಬೆಟನ್ ಕ್ಯಾಂಪಿನ ಭಿಕ್ಷುಗಳು. ಕ್ಯಾಮೆರಾ ಹಿಡಿದವರಿಗೆ ಇದು ಸಿರಿ.

ಇಲ್ಲೇ ನನ್ನ ಸಂಕಟ ಇರುವುದು. ಸುಕ್ಕುಗಟ್ಟಿದ ಅಜ್ಜಿಯ ಮುಖ, ಹೊಗೆ ತುಂಬಿದ ಅಡುಗೆಮನೆಗೆ ಹಂಚಿನ ಸಂದಿಯಿಂದ ಇಳಿದ ಬಿಸಿಲಕೋಲು, ಅದರಲ್ಲಿ ನಿಲ್ಲಿಸಿದ ಮಗು. ಇಂಥ ಚಿತ್ರಗಳು ಸಲೂನ್‌ಗಳಲ್ಲಿ ಮತ್ತೆಮತ್ತೆ ಪದಕ ಗೆಲ್ಲುತ್ತವೆ. ಅಜ್ಜಿಯ ಹೆಸರು ಶೀರ್ಷಿಕೆಯಲ್ಲಿ ಇರುವುದಿಲ್ಲ. ಅವಳ ಮನೆಗೆ ಒಂದು ಪ್ರತಿ ತಲುಪಿತೇ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವಿಡೀ ತೆಗೆದದ್ದು ಸಾಮಾನ್ಯ ಜನರನ್ನೇ. 1979ರ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿ ಬಡತನ ಇದೆ, ಆದರೆ ಬಡತನದ ಅಲಂಕಾರ ಇಲ್ಲ. ಮಕ್ಕಳು ತಮ್ಮ ಪಾಡಿಗೆ ಆಡುತ್ತಿದ್ದಾರೆ. ಜನರ ಚಿತ್ರ ತೆಗೆಯುವುದನ್ನು ಕಲಿಸುವವರು ಸತ್ಯನ್ ಅವರಿಂದ ಶುರುಮಾಡಬೇಕು.

ಜೊಯಿಡಾಕ್ಕೆ ಈ ವಿದ್ಯೆ ತುರ್ತಾಗಿ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಈ ತಾಲ್ಲೂಕಿಗೆ ಮೊದಲು ಸೂಪಾ ಎಂದೇ ಹೆಸರು. ಕಾಳಿಯೂ ಪಾಂಡರಿಯೂ ಕೂಡುವಲ್ಲಿದ್ದ ಸೂಪಾ ಪೇಟೆ ಅಣೆಕಟ್ಟಿನ ನೀರಿನಡಿ ಹೋಯಿತು, ಮುಳುಗಡೆಯಾದವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಮನೆಯಲ್ಲಿ ಕ್ಯಾಮೆರಾ ಇರುವುದೇ ಅಪರೂಪವಾಗಿದ್ದ ಕಾಲ ಅದು. ಊರಿನ ಬೀದಿ, ಸಂತೆ, ಶಾಲೆ ಹೇಗಿದ್ದವು ಎಂದು ಮೊಮ್ಮಕ್ಕಳಿಗೆ ತೋರಿಸಲು ಹಿರಿಯರಿಗೆ ಮಾತೇ ಆಸರೆ. ಈಗ ಇನ್ನೊಂದು ಸರದಿ ನಡೆದಿದೆ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಈ ಕಾಡಿನೊಳಗಿನ ಹಾಡಿಗಳಿಂದ ಕುಟುಂಬಗಳು ಪರಿಹಾರ ಪಡೆದು ಹೊರಗೆ ಬರುತ್ತಿವೆ. ಹತ್ತು ಲಕ್ಷವಿದ್ದ ಪರಿಹಾರ 2021ರಲ್ಲಿ ಹದಿನೈದು ಲಕ್ಷಕ್ಕೆ ಏರಿದೆ. ಹೋಗುವುದು ಸರಿಯೋ ತಪ್ಪೋ ಎನ್ನುವುದು ಆ ಕುಟುಂಬಗಳ ತೀರ್ಮಾನ. ಆದರೆ ಬಿಟ್ಟುಬಂದ ಮನೆ, ಗದ್ದೆ, ದೇವರ ಬನ ಇವುಗಳ ಚಿತ್ರ ಯಾರ ಬಳಿ ಇರುತ್ತದೆ? ಹೊರಗಿನಿಂದ ಬಂದವರ ಹಾರ್ಡ್ ಡಿಸ್ಕಿನಲ್ಲಿ ಹಕ್ಕಿ ಇರುತ್ತದೆ, ಮನೆ ಇರುವುದಿಲ್ಲ.

ಆ ಮನೆಯ ಚಿತ್ರವನ್ನು ತೆಗೆಯಬೇಕಾದವರು ಆ ಮನೆಯ ಮಕ್ಕಳು. ಕುಣಬಿ ಹುಡುಗಿಯೊಬ್ಬಳು ತನ್ನ ಅಜ್ಜಿಯ ಚಿತ್ರ ತೆಗೆದರೆ ಅದರಲ್ಲಿ ಸುಕ್ಕಿಗಿಂತ ಮೊದಲು ಅಜ್ಜಿ ಕಾಣುತ್ತಾಳೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಛಾಯಾಚಿತ್ರದ ಪದವಿ ಶಿಕ್ಷಣ ಇದೆ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅಂಥ ಛಾಯಾಗ್ರಾಹಕರನ್ನು ಕೊಟ್ಟಿದೆ. ಅಲ್ಲಿಯವರೆಗೆ ಹೋಗುವ ದಾರಿ ಜೊಯಿಡಾದ ಪ್ರೌಢಶಾಲೆಯ ಹುಡುಗರಿಗೆ ಕಾಣುವುದೇ ಇಲ್ಲ. ತಮ್ಮ ಊರಿಗೇ ಇಷ್ಟೊಂದು ಛಾಯಾಗ್ರಾಹಕರು ಬಂದುಹೋಗುತ್ತಿರುವಾಗ, ಆ ಹುಡುಗರಿಗೆ ಸಿಗುವ ಕೆಲಸ ಜೀಪು ಓಡಿಸುವುದು, ಹಕ್ಕಿ ತೋರಿಸುವುದು. ಹಕ್ಕಿಯ ಕೂಗು ಕೇಳಿಯೇ ಯಾವುದು, ಯಾವ ಮರದಲ್ಲಿ ಎಂದು ಹೇಳಬಲ್ಲ ಈ ಹುಡುಗರು ಕಲಾವಿದರಾಗಲು ಬೇಕಾದ ಅರ್ಧ ವಿದ್ಯೆಯನ್ನು ಆಗಲೇ ಕಲಿತಿದ್ದಾರೆ.

ಆದ್ದರಿಂದ ಕ್ಯಾಮೆರಾ ಹಿಡಿದು ಈ ಕಡೆ ಬರುವವರಲ್ಲಿ, ಶಿಬಿರ ನಡೆಸುವ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟು. ಯಾರ ಮುಖದ ಚಿತ್ರ ತೆಗೆದಿರೋ ಅವರ ಹೆಸರು ಕೇಳಿ, ವಿಳಾಸ ಬರೆದುಕೊಳ್ಳಿ, ಒಂದು ಪ್ರಿಂಟು ಅಂಚೆಗೆ ಹಾಕಿ. ಪ್ರತಿ ಶಿಬಿರದಲ್ಲೂ ಇಬ್ಬರು ಸ್ಥಳೀಯ ಮಕ್ಕಳಿಗೆ ಶುಲ್ಕವಿಲ್ಲದೆ ಜಾಗ ಕೊಡಿ. ಹೊಸದು ಕೊಂಡಮೇಲೆ ಕಪಾಟಿನಲ್ಲಿ ಕೂತಿರುವ ಹಳೆಯ ಕ್ಯಾಮೆರಾವನ್ನು ಮುಂದಿನ ಸಲ ಬರುವಾಗ ತನ್ನಿ, ಜೊಯಿಡಾದ ಯಾವುದಾದರೂ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ, ಅರ್ಧ ದಿನ ಕೂತು ಮಕ್ಕಳಿಗೆ ಅದನ್ನು ಬಳಸುವುದನ್ನು ಹೇಳಿಕೊಟ್ಟು ಹೋಗಿ.